ಅಕ್ಕನ ತುಟಿಯಂಚಿನ ಗೆರೆಗಳು

ನನ್ನ ಭಾವನಿಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂದು, ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತಂತೆ. ಮಾತು ಬರುತ್ತದೆ, ಏರಿಳಿತವಿಲ್ಲದ ಮಾತು ಅಷ್ಟೆ. ಎದುರಿನವರ ತುಟಿ ನೋಡಿ ಹೇಳಿದ್ದನ್ನು ತಿಳಿದುಕೊಳ್ಳುತ್ತಾರೆ. ನನ್ನ ತುಟಿ ಅವರಿಗೆ ಅರ್ಧ ಮಾತ್ರ ತಿಳಿಯುತ್ತದೆ. ನಾನು ಮಾತಾಡುವ ವೇಗಕ್ಕೆ ಕಿವಿ ನೆಟ್ಟಗಿರುವವರಿಗೂ ಅಷ್ಟೇ ತಿಳಿಯುವುದು ಎಂದು ಅಕ್ಕ ಬೈಯುತ್ತಾಳೆ. ಅಕ್ಕನ ತುಟಿ ಮಾತ್ರ ಅವರಿಗೆ ಬಾಯಿಪಾಠ.

ಅವರ ಮದುವೆಯಾಗಿ ಇಪ್ಪತ್ತೇಳು ವರ್ಷ. ಒಂದು ದಿನವೂ ಅಕ್ಕ ಗಂಡನನ್ನು "ರೀ" ಎಂದು ಕೂಗಿದವಳಲ್ಲ. ಕೂಗಿ ಏನು ಬಂತು? ಅವರ ಮನೆಯ ನೆಲ ಹಲಗೆಯದು. ಅಕ್ಕ ಹಿಮ್ಮಡಿಯಿಂದ ಎರಡು ಸಲ ಕುಟ್ಟುತ್ತಾಳೆ, ಆ ಅದುರು ಪಾದಕ್ಕೆ ಮುಟ್ಟಿ ಭಾವ ತಿರುಗುತ್ತಾರೆ. ಅದೇ ಅವಳ "ರೀ".

ಭಾವ ಪುಸ್ತಕಕ್ಕೆ ರಟ್ಟು ಕಟ್ಟುವವರು. ಹರಿದ ಹಳೆಯ ಪುಸ್ತಕ, ಕಚೇರಿಯ ದಫ್ತರ, ಯಾವುದೇ ಬರಲಿ, ಹಿಂದಿನ ಕೋಣೆಯಲ್ಲಿ ಕೂತು ಹಾಳೆ ಬಿಡಿಸಿ, ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ಭಾರದ ಕೆಳಗಿಟ್ಟು, ಮತ್ತೆ ಎದ್ದು ನಿಲ್ಲುವಂತೆ ಮಾಡುತ್ತಾರೆ. ಅಕ್ಕ ಕನ್ನಡಕದ ಅಂಗಡಿಯಲ್ಲಿದ್ದಾಳೆ. ಕಣ್ಣುಗಳ ನಡುವಿನ ಅಂತರ ಅಳೆಯುವುದು, ಫ್ರೇಮಿನ ಕಡ್ಡಿಯನ್ನು ಬಿಸಿ ಮಾಡಿ ಕಿವಿಯ ಹಿಂದೆ ಒತ್ತದಂತೆ ಬಗ್ಗಿಸುವುದು, ಮೂಗಿನಿಂದ ಜಾರುವ ಕನ್ನಡಕವನ್ನು ನಿಲ್ಲಿಸುವುದು ಅವಳ ಕೆಲಸ. ಬೀದಿಯವರಿಗೆಲ್ಲ ಅವಳು ಕನ್ನಡಕದಕ್ಕ. ನಾನು ಕಾರು ಓಡಿಸುವುದನ್ನು ಕಲಿಸುವವಳು. ಪಕ್ಕದ ಸೀಟಿನಲ್ಲಿ ನನ್ನ ಕಾಲಡಿಗೂ ಒಂದು ಬ್ರೇಕ್ ಇರುವುದರಿಂದ ಇನ್ನೂ ಬದುಕಿದ್ದೇನೆ.

ಐವತ್ತು ದಾಟಿದ ಮೇಲೆ ಅಕ್ಕನ ಮುಖ ಇಳಿಯತೊಡಗಿತು. ಮೂಗಿನ ಎರಡು ಪಕ್ಕದಿಂದ ತುಟಿಯಂಚಿನವರೆಗೆ ಎರಡು ಗೆರೆ, ತುಟಿಯಂಚಿನಿಂದ ಗಲ್ಲದ ಕಡೆಗೆ ಇನ್ನೆರಡು. ಸುಮ್ಮನೆ ಕೂತಿದ್ದರೂ ಬಾಯಿ ಕೆಳಗೆ ಬಾಗಿದಂತೆ ಕಾಣುತ್ತಿತ್ತು. ಅಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ. ಗಿರಾಕಿಯ ಮುಖದ ಪಕ್ಕದಲ್ಲಿ ದಿನವಿಡೀ ತನ್ನ ಮುಖವನ್ನೂ ನೋಡಬೇಕು. ಅವಳಿಗೆ ಅದರ ಚಿಂತೆ ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲ ಎಂದು ಗೊತ್ತಾದದ್ದು ಒಂದು ಬೆಳಿಗ್ಗೆ, ಅವಳನ್ನು ಅಂಗಡಿಗೆ ಬಿಡಲು ಹೋಗುವಾಗ.

"ಇವರು ದಿನಕ್ಕೆ ಮೂರು ಸಲ 'ಸಿಟ್ಟಾ?' ಅಂತ ಕೇಳ್ತಾರೆ ಕಣೇ," ಅಂದಳು. "ನಂಗೆ ಸಿಟ್ಟೇ ಇರಲ್ಲ. ನಾನು ಹೇಳದೇ ಇರೋದನ್ನ ನನ್ನ ಮುಖ ಹೇಳ್ತಾ ಇದೆ."

ಬೇರೆಯವರ ಮನೆಯಲ್ಲಿ ಮುಖ ಗಂಟಿಕ್ಕಿದ್ದರೂ ದನಿ ಸರಿ ಮಾಡಿಬಿಡುತ್ತದೆ. ಭಾವನಿಗೆ ದನಿ ಎಲ್ಲಿಯದು? ಅವರಿಗೆ ಅಕ್ಕ ಎಂದರೆ ಅಕ್ಕನ ಮುಖವೇ.

ಮುಖಕ್ಕೆ ಫಿಲ್ಲರ್ ಹಾಕಿಸುವ ವಿಷಯ ಅವಳ ತಲೆಗೆ ತುಂಬಿದವಳು ನಾನು. ಗೆರೆಯ ಕೆಳಗೆ ಸೂಜಿಯಿಂದ ಲೋಳೆಯಂಥ ಮದ್ದು ತುಂಬಿದರೆ ತಗ್ಗು ಮೇಲೇಳುತ್ತದೆ, ಅರ್ಧ ಗಂಟೆಯ ಕೆಲಸ, ಎಂದೆ. ನನ್ನ ಹತ್ತಿರ ಕಾರು ಕಲಿತ ಹೆಂಗಸೊಬ್ಬಳು ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಳು. ಅವಳೇ ಚುಚ್ಚುತ್ತಾಳೆ, ಅಗ್ಗವೂ ಹೌದು, ಎಂದು ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಪಾರ್ಲರಿನವಳು ನಗುನಗುತ್ತಾ ಬರಮಾಡಿಕೊಂಡಳು. ಅಕ್ಕನನ್ನು ಕೂದಲು ತೊಳೆಯುವ ಕುರ್ಚಿಯಲ್ಲಿ ಕೂರಿಸಿ, ಫ್ರಿಜ್ಜಿನಿಂದ ನೀರಿನ ಬಾಟಲಿ ಸರಿಸಿ ಅದರ ಹಿಂದಿನಿಂದ ಒಂದು ಸಿರಿಂಜ್ ತೆಗೆದಳು. ಆಗಲೇ ಅರ್ಧ ಖಾಲಿಯಾಗಿತ್ತು.

ಅಕ್ಕ ಔಷಧದ ಹೆಸರು ಕೇಳಿದಳು. ವಿಟಮಿನ್ ಥರ ಒಂದು, ಎಲ್ಲರೂ ಹಾಕಿಸಿಕೊಳ್ಳುತ್ತಾರೆ, ಎಂದು ಉತ್ತರ ಬಂತು. ಡಬ್ಬಿ ತೋರಿಸಿ ಎಂದಳು. ಡಬ್ಬಿ ಬಿಸಾಡಿದ್ದಾಯಿತಂತೆ. ಎಡವಟ್ಟಾದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಏನೂ ಆಗಲ್ಲ ಎಂದು ಅಕ್ಕನ ಭುಜ ತಟ್ಟಿದಳು. ಲೆನ್ಸಿನ ಪೊಟ್ಟಣವನ್ನು ಗಿರಾಕಿಯ ಕಣ್ಣೆದುರೇ ಒಡೆದು, ಅದರ ಮೇಲಿನ ತಾರೀಕು ಓದಿಸದೆ ಮಾರದವಳು ನನ್ನಕ್ಕ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

ಆಮೇಲೆ ಅವಳೇ ವಿಚಾರಿಸಿ ಚರ್ಮದ ಡಾಕ್ಟರೊಬ್ಬರನ್ನು ಗೊತ್ತು ಮಾಡಿಕೊಂಡಳು. ಡಾಕ್ಟರಮ್ಮ ಮೊದಲ ದಿನ ಸೂಜಿ ಮುಟ್ಟಲೇ ಇಲ್ಲ. ಕೇಳಿದ್ದೇ ಕೇಳಿದ್ದು. ರಕ್ತ ತೆಳುವಾಗುವ ಮಾತ್ರೆ ತಗೋತೀರಾ, ಮೀನೆಣ್ಣೆಯ ಮಾತ್ರೆ? ತುಟಿಯ ಮೇಲೆ ನೀರುಗುಳ್ಳೆ ಏಳುವುದುಂಟಾ? ಈಚೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಿರಾ? ಯಾವುದಾದರೂ ಔಷಧ ಒಗ್ಗಲ್ವಾ? ಮುಂಚೆ ಎಲ್ಲಾದರೂ ಚುಚ್ಚಿಸಿಕೊಂಡಿದ್ದೀರಾ? ಬಸುರಿಯಲ್ಲ ತಾನೆ ಎಂದೂ ಕೇಳಿದರು; ಐವತ್ತೆರಡಕ್ಕೆ ಆದರೆ ಪೇಪರಿನಲ್ಲಿ ಬರುತ್ತೆ ಡಾಕ್ಟ್ರೇ ಎಂದು ಅಕ್ಕ ನಕ್ಕಳು. ಆ ಗೆರೆಗಳು ನಗುವಾಗ ಚೆನ್ನಾಗಿಯೇ ಇದ್ದವು ಎಂದು ನನಗನ್ನಿಸಿದ್ದು ಆಗ.

ಮತ್ತೆ ಅವರು ಹೇಳಿದರು. ಇದು ಮೈಯಲ್ಲೇ ಇರುವಂಥ ವಸ್ತು, ಒಂದು ವರ್ಷದೊಳಗೆ ತಾನಾಗಿ ಕರಗುತ್ತದೆ. ಬೇಡವೆಂದರೆ ಇನ್ನೊಂದು ಚುಚ್ಚುಮದ್ದು ಕೊಟ್ಟು ಕರಗಿಸಲೂ ಬರುತ್ತದೆ, ಆ ಮದ್ದು ಇಟ್ಟುಕೊಳ್ಳದ ಕಡೆ ಯಾವತ್ತೂ ಹಾಕಿಸಿಕೊಳ್ಳಬೇಡಿ. ಎರಡು ಮೂರು ದಿನ ಬಾವು ಇರುತ್ತದೆ, ಪೂರ್ತಿ ಇಳಿಯಲು ಎರಡು ವಾರವೂ ಆದೀತು. ಅಪರೂಪಕ್ಕೆ ಮದ್ದು ರಕ್ತನಾಳಕ್ಕೆ ಅಡ್ಡವಾಗುತ್ತದೆ. ಎಷ್ಟು ಹುಷಾರಾದ ಕೈಗೂ ಆಗಬಹುದು, ನನ್ನ ಕೈಗೂ, ಎಂದರು. ನೋವು ಕಡಿಮೆಯಾಗುವ ಬದಲು ಏರುತ್ತಾ ಹೋದರೆ, ಚರ್ಮ ಬೆಳ್ಳಗಾದರೆ, ಬಲೆ ಹರಡಿದಂತೆ ನೀಲಿಗಟ್ಟಿದರೆ, ಕಣ್ಣು ಮಂಜಾದರೆ, ಯಾವ ಹೊತ್ತಾದರೂ ಸರಿ, ಆ ಕ್ಷಣವೇ ಫೋನ್ ಮಾಡಬೇಕು. ಅಕ್ಕನ ಕೆನ್ನೆಯ ಮೇಲೆ ಬೆರಳೊತ್ತಿ ತೆಗೆದು, ಬಿಳಿಚಿದ ಜಾಗಕ್ಕೆ ಕೆಂಪು ಮರಳುವುದನ್ನು ಕನ್ನಡಿಯಲ್ಲಿ ತೋರಿಸಿದರು. ಎಲ್ಲವನ್ನೂ ಬರೆದಿದ್ದ ಹಾಳೆ ಕೊಟ್ಟರು. ಆಮೇಲೆ ಕೇಳಿದರು:

"ಆ ದಿನ ಮನೇಲಿ ನಿಮ್ಮ ಜೊತೆ ಯಾರಿರ್ತಾರೆ?"

"ತಂಗಿ ಇರ್ತಾಳೆ," ಅಂದಳು ಅಕ್ಕ.

ನಾನು ತಲೆಯಾಡಿಸಿದೆ. ಇಬ್ಬರೂ ಸುಳ್ಳಾಡಿದ್ದೆವು. ಭಾವನಿಗೆ ಗೊತ್ತಾಗಬಾರದೆಂದು ಅಕ್ಕ ದಿನ ನೋಡಿಟ್ಟಿದ್ದಳು. ಪಕ್ಕದ ಊರಿನ ಗ್ರಂಥಾಲಯದ ಹಳೆಯ ಸಂಪುಟಗಳನ್ನು ಅಲ್ಲಿಯೇ ಕೂತು ಹೊಲಿದುಕೊಡಲು ಅವರು ಐದು ದಿನ ಹೋಗುವವರಿದ್ದರು. ಅವರು ಬರುವಷ್ಟರಲ್ಲಿ ಬಾವು ಇಳಿದಿರುತ್ತದೆ, ಸಿಟ್ಟಿಲ್ಲದ ಮುಖ ಹೊತ್ತು ಬಾಗಿಲು ತೆಗೆಯುತ್ತೇನೆ, ಎಂದು ಅವಳ ಲೆಕ್ಕಾಚಾರ. ನನಗೋ ಆ ದಿನ ಮಧ್ಯಾಹ್ನ ಒಂದರ ಹಿಂದೊಂದು ಮೂರು ಪಾಠ.

ಆ ಬೆಳಿಗ್ಗೆ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಡಾಕ್ಟರಮ್ಮ ಹೊಸ ಡಬ್ಬಿ ಒಡೆದು ತೋರಿಸಿದರು, ನಿಧಾನವಾಗಿ ಚುಚ್ಚಿದರು, ಅರ್ಧ ಗಂಟೆ ಕೂರಿಸಿ ಬಣ್ಣ ನೋಡಿ ಕಳಿಸಿದರು. ಮೇಲ್ದುಟಿ ಊದಿ ಮರಗಟ್ಟಿತ್ತು. ಅಕ್ಕ ಕನ್ನಡಿ ನೋಡಿಕೊಂಡು, ಬಾತುಕೋಳಿ ಎಂದು ತೊದಲಿದಳು. ಅವಳನ್ನು ಹಾಸಿಗೆಯ ಮೇಲೆ ದಿಂಬಿಗೊರಗಿಸಿ, ಕುಡಿಯಲು ಹಾಲಿಟ್ಟು, ಸಂಜೆ ಬರುತ್ತೇನೆ ಎಂದು ಹೊರಟುಬಿಟ್ಟೆ.

ಮುಂದಿನದನ್ನು ಅಕ್ಕ, ಭಾವ ಇಬ್ಬರೂ ಆಮೇಲೆ ಹೇಳಿದ್ದು. ಮರಗಟ್ಟಿದ್ದು ಬಿಟ್ಟಂತೆ ಎಡಗಡೆ ನೋಯತೊಡಗಿತು. ಬಾವಿನ ನೋವು ಎಂದುಕೊಂಡಳು. ಗಂಟೆ ಕಳೆದಂತೆ ಏರಿತು. ಹಾಳೆಯಲ್ಲಿ ಬರೆದದ್ದು ಅವಳಿಗೆ ನೆನಪಿತ್ತು. ಆದರೂ ಫೋನ್ ಎತ್ತಲಿಲ್ಲ. ಎತ್ತಿದರೆ ಎಲ್ಲವನ್ನೂ ಕರಗಿಸಿಬಿಡುತ್ತಾರೆ, ಇನ್ನೊಂದು ಗಂಟೆ ನೋಡೋಣ ಎಂದು ನೋವಿನ ಮಾತ್ರೆ ನುಂಗಿ ಕಣ್ಣು ಮುಚ್ಚಿದಳು. ಯಾವ ಡಬ್ಬಿಯ ಮೇಲಿನ ಯಾವ ಅಕ್ಷರವನ್ನೂ ಬಿಡದೆ ಓದುವವಳು.

ಮೂರು ಗಂಟೆಗೆ ಭಾವ ಬಂದರು. ಗ್ರಂಥಾಲಯದ ಚಾವಣಿಯ ನೀರಿನ ಕೊಳವೆ ಒಡೆದು, ಸಂಪುಟಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸುವ ಗಲಾಟೆಯಲ್ಲಿ ಕೆಲಸವನ್ನು ಮುಂದಕ್ಕೆ ಹಾಕಿದ್ದರು. ಕೋಣೆಯ ಬಾಗಿಲಲ್ಲಿ ಅವರನ್ನು ಕಂಡು ಅಕ್ಕ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು. ನೆಗಡಿ ಎಂದು ಕೈಸನ್ನೆ ಮಾಡಿದಳು. ಭಾವ ಹಾಸಿಗೆಯ ಅಂಚಿನಲ್ಲಿ ಕೂತು ಹೊದಿಕೆ ಸರಿಸಿದರು. ಅಕ್ಕ ಏನೇನೋ ಹೇಳಿದಳು. ಊದಿದ ತುಟಿ ಮಿಸುಕಾಡಿತೇ ಹೊರತು ಒಂದು ಮಾತೂ ಆಕಾರಕ್ಕೆ ಬರಲಿಲ್ಲ. ಭಾವ ಹತ್ತಿರ ಬಗ್ಗಿ ನೋಡಿದರು, ಇನ್ನೂ ಹತ್ತಿರ.

"ನಿನ್ನ ಅಕ್ಷರ ಕಾಣ್ತಿಲ್ಲ," ಅಂದರಂತೆ.

ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. ಆ ಮಾತು ಕೇಳಿ ಅಕ್ಕನಿಗೆ ಅಳು ಒತ್ತರಿಸಿ ಬಂತು. ಚೀಲದಿಂದ ಡಾಕ್ಟರಮ್ಮನ ಹಾಳೆ ತೆಗೆದು ಅವರ ಕೈಗಿಟ್ಟಳು.

ಭಾವ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಎದ್ದು ಹೋಗಿ ಹೊಲಿಗೆಯ ಮೇಜಿನ ದೀಪ ತಂದು ಹಾಸಿಗೆಯ ಪಕ್ಕ ಹಿಡಿದರು. ಮೂಗಿನ ಎಡ ಬದಿಯಿಂದ ಮೇಲ್ದುಟಿಯವರೆಗೆ ಚರ್ಮ ಹಾಳೆಯಷ್ಟು ಬೆಳ್ಳಗಿತ್ತು, ಅದರ ಸುತ್ತ ತೆಳು ನೀಲಿ ಬಲೆ. ಬಲಗಡೆ ಬೆರಳೊತ್ತಿ ತೆಗೆದರು. ಕೆಂಪು ಕೂಡಲೇ ಮರಳಿತು. ಎಡಗಡೆ ಒತ್ತಿ ತೆಗೆದರು, ಕಾದರು. ಬಣ್ಣ ಬರಲಿಲ್ಲ.

ಭಾವ ಫೋನಿನಲ್ಲಿ ಮಾತಾಡುವಂತಿಲ್ಲ, ಅಕ್ಕನ ಬಾಯಿ ತಿರುಗುವಂತಿಲ್ಲ. ಅವರು ಫೋನ್ ಅವಳ ಕೈಗೆ ಕೊಟ್ಟು, ಹಾಳೆಯ ಮೇಲೆ 'ಬೆಳ್ಳಗೆ', 'ಎಡ', 'ನೋವು' ಎಂಬ ಪದಗಳಿಗೆ ಗೆರೆ ಎಳೆದು, ಇಷ್ಟೇ ಹೇಳು ಎಂದರು. ಅಷ್ಟಕ್ಕೇ ಆಚೆಯಿದ್ದ ಡಾಕ್ಟರಮ್ಮನಿಗೆ ಅರ್ಥವಾಯಿತು. ಐಸ್ ಇಡಬೇಡಿ, ಬಿಸಿನೀರಿನ ಬಟ್ಟೆ ಇಡಿ, ಈಗಲೇ ಹೊರಟು ಬನ್ನಿ ಎಂದರಂತೆ. ನನಗೆ ಭಾವನ ಸಂದೇಶ ಬಂತು: "ಬಾ. ಈಗಲೇ. ಕಾರು."

ಆಗ ನನ್ನ ಕಾರಿನ ಸ್ಟೇರಿಂಗ್ ಹಿಡಿದಿದ್ದವರು ನಿವೃತ್ತ ಲೆಕ್ಕದ ಮೇಷ್ಟ್ರು. ರಸ್ತೆಯ ಪಕ್ಕ ನಿಲ್ಲಿಸಲು ಹೇಳಿ, ಅವರನ್ನು ಹಿಂದಿನ ಸೀಟಿಗೆ ಸಾಗಿಸಿ, ನಾನು ಓಡಿಸಿದೆ. ಇಳಿಸಿ ಬರಲೂ ಹೊತ್ತಿರಲಿಲ್ಲ. ಹಿಂದೆ ಮುಂದೆ ಕಲಿಯುವವರ ಕೆಂಪು ಫಲಕ ಹೊತ್ತ ಕಾರು ಆ ಪರಿ ಹೋಗುವುದನ್ನು ಕಂಡು ದಾರಿಯವರೆಲ್ಲ ಪಕ್ಕಕ್ಕೆ ಸರಿದರು. ಅಕ್ಕನ ಮನೆಯ ಮುಂದೆ ಭಾವ ನನ್ನ ಪಕ್ಕ ಹತ್ತಿ ಕೂತರು; ಮೇಷ್ಟ್ರು ತಮ್ಮ ಪಕ್ಕ ಅಕ್ಕನಿಗೆ ಜಾಗ ಮಾಡಿಕೊಟ್ಟು, ಅವಳ ಬೆಲ್ಟ್ ಸರಿಯಾಗಿ ಹಾಕಿದರು. ಆಸ್ಪತ್ರೆಯ ಮುಂದೆ ಇಳಿದ ಮೇಲೆ ನನಗೆ, "ನೀವು ಹೋಗಿ, ನಾನು ಬಸ್ಸಲ್ಲಿ ಹೋಗ್ತೀನಿ," ಎಂದಷ್ಟೇ ಹೇಳಿದರು.

ಡಾಕ್ಟರಮ್ಮ ಬೇರೆಯವರನ್ನು ಹೊರಗೆ ಕೂರಿಸಿ ಕಾಯುತ್ತಿದ್ದರು. ಮೊದಲು ಕಣ್ಣು ನೋಡಿದರು. ಬೆರಳು ಎಷ್ಟು, ಮಂಜಿದೆಯಾ, ಎಂದು. ಇರಲಿಲ್ಲ. ಜೊತೆಗೆ ಯಾರಿದ್ದಿರಿ ಎಂದು ನನ್ನ ಕಡೆ ತಿರುಗಿದರು. ಪಾಠಕ್ಕೆ ಹೋಗಿದ್ದೆ ಎಂದೆ. ಬೈಯುವ ಹೊತ್ತಲ್ಲ ಎಂದು ಅವರು ಸಿರಿಂಜಿಗೆ ಕೈ ಹಾಕಿದರು. ಆಗ ಭಾವ ಮುಂದೆ ಬಂದು, ತಮ್ಮ ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು:

"ಡಾಕ್ಟ್ರೇ, ನಂಗೆ ಕಿವಿ ಕೇಳಲ್ಲ. ಮಾಸ್ಕ್ ಒಂದು ನಿಮಿಷ ತೆಗೀರಿ. ಏನು ಮಾಡ್ತೀರಿ ಅಂತ ನಂಗೂ ಗೊತ್ತಾಗಲಿ."

ಡಾಕ್ಟರಮ್ಮನ ಕೈ ನಿಂತಿತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಮಾಸ್ಕ್ ಕೆಳಗಿಳಿಸಿ, ಬೆಳಕಿಗೆ ಮುಖ ಮಾಡಿ ನಿಂತರು. ಕರಗಿಸುವ ಮದ್ದು ಕೊಡುತ್ತೇನೆ, ಒಂದು ಸಲಕ್ಕೆ ಸಾಲದೇ ಇರಬಹುದು, ಗಂಟೆಗೊಮ್ಮೆ ನೋಡಿ ಮತ್ತೆ ಕೊಡುತ್ತೇನೆ, ಉರಿಯುತ್ತದೆ, ಬಣ್ಣ ಬರುವವರೆಗೆ ಮನೆಗೆ ಕಳಿಸುವುದಿಲ್ಲ, ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. ಭಾವ ಪ್ರತಿಯೊಂದಕ್ಕೂ ತಲೆಯಾಡಿಸಿದರು. ಅದಾದ ಮೇಲೆ ಮಾಸ್ಕ್ ಏರಿತು, ಕೈಗವಸು ಬದಲಾಯಿತು.

ಭಾವನಿಗೆ ನಿಲ್ಲಲು ಜಾಗವಿದ್ದದ್ದು ಮಂಚದ ಕಾಲ ಕಡೆ. ಅಕ್ಕನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸೂಜಿ ಇಳಿದಾಗ ಅವಳ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಬಾಯಿ ಮುಚ್ಚಿತ್ತು. ನಾನು ನೋಡುತ್ತಿದ್ದಂತೆ ಅವಳ ಹಿಮ್ಮಡಿ ಅವರ ಅಂಗೈಯೊಳಗೆ ಎರಡು ಸಲ ಕುಟ್ಟಿತು.

"ಇಲ್ಲೇ ಇದೀನಿ," ಅಂದರು ಭಾವ.

ನಾನು ಹೊರಗೆ ಹೋಗಿ ನೀರು ಕುಡಿದು ಬಂದೆ.

ಮೂರು ಸಲ ಕೊಡಬೇಕಾಯಿತು. ನಡುನಡುವೆ ಬಿಸಿ ಬಟ್ಟೆ, ಮೃದುವಾಗಿ ನೀವುವುದು. ಏಳು ಗಂಟೆಯ ಹೊತ್ತಿಗೆ ಡಾಕ್ಟರಮ್ಮ ಎಡಗಡೆ ಬೆರಳೊತ್ತಿ ತೆಗೆದರು, ಗುಲಾಬಿ ಬಣ್ಣ ತಡವರಿಸುತ್ತಾ ಬಂದು ತುಂಬಿಕೊಂಡಿತು. ಅವರು ಕುರ್ಚಿಯ ಮೇಲೆ ಕುಸಿದು ಕೂತರು. ಆಗ ಗೊತ್ತಾಯಿತು, ಆ ತನಕ ಅವರಿಗೂ ಜೀವದಲ್ಲಿ ಜೀವ ಇರಲಿಲ್ಲ. ನಾಳೆಯವರೆಗೆ ಬಿಟ್ಟಿದ್ದರೆ ಆ ಭಾಗದ ಚರ್ಮ ಸತ್ತುಹೋಗುತ್ತಿತ್ತು ಎಂದರು. ಚುಚ್ಚಿದ ಕೈ ನನ್ನದು, ಅದನ್ನು ಇನ್ನೊಬ್ಬರ ಮೇಲೆ ಹಾಕುವುದಿಲ್ಲ, ಪೂರ್ತಿ ವಾಸಿಯಾಗುವವರೆಗೆ ದಿನಾ ಬನ್ನಿ, ಎಂದೂ ಹೇಳಿದರು. ನನ್ನನ್ನು ಕರೆದು, ಜೊತೆಗಿರುತ್ತೇನೆ ಎಂದವರು ಜೊತೆಗಿರಬೇಕಮ್ಮ ಎಂದರು. ಅಷ್ಟೇ. ಅದಕ್ಕಿಂತ ಹೆಚ್ಚು ಬೇಕೂ ಇರಲಿಲ್ಲ.

ತುಟಿಯ ಮೇಲೆ ಸಣ್ಣ ಹಕ್ಕಳೆ ಕಟ್ಟಿ ಹತ್ತು ದಿನಕ್ಕೆ ಉದುರಿತು. ತುಂಬಿದ್ದೆಲ್ಲ ಕರಗಿ ಗೆರೆಗಳು ತಮ್ಮ ಜಾಗಕ್ಕೆ ವಾಪಸು ಬಂದವು. ಆ ಹತ್ತು ದಿನ ನಾನು ಪಾಠ ಬಿಟ್ಟು ಅವರ ಮನೆಯಲ್ಲೇ ಇದ್ದೆ. ಮೊದಲ ಎರಡು ದಿನ ಅವರಿಬ್ಬರೂ ಚೀಟಿ ಬರೆದುಕೊಂಡೇ ಮಾತಾಡಿದರು. ಭಾವ ಹಾಳೆ ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ತಂದಿಟ್ಟಿದ್ದರು. ಮೂರನೇ ದಿನ ಅಕ್ಕನ ತುಟಿ ಮಾತಿಗೆ ಬಂತು. ನಾನು ಅಡುಗೆಮನೆಯಲ್ಲಿದ್ದೆ. ಭಾವನ ಮಾತು ಕೇಳಿಸುತ್ತಿತ್ತು; ಅಕ್ಕ ಅವರ ಜೊತೆ ದನಿ ತೆಗೆಯದೆ ತುಟಿಯಲ್ಲೇ ಮಾತಾಡುವವಳು, ಅವಳ ಮಾತನ್ನು ಅವಳೇ ಆಮೇಲೆ ಹೇಳಿದಳು.

ನಂಗ್ಯಾಕೆ ಹೇಳಲಿಲ್ಲ ಎಂದು ಭಾವ ಕೇಳಿದರು. ಹೇಳಿದರೆ ನೀವು ಬೇಡ ಅನ್ನುತ್ತಿದ್ದಿರಿ ಎಂದು ಅಕ್ಕ.

"ಅಂತಿದ್ದೆ," ಅಂದರು ಭಾವ. "ಬೇಡ ಅಂತಿದ್ದೆ. ಆಮೇಲೆ ನಿನ್ನ ಜೊತೆ ಬರ್ತಿದ್ದೆ."

ಅಕ್ಕ ಆಗ ತನ್ನ ಕಾರಣ ಹೇಳಿದಳಂತೆ. ನನ್ನ ಬಾಯಿ ಜೋತುಬಿದ್ದು ನಿಮಗೆ ಸಿಟ್ಟಿನ ಹಾಗೆ ಕಾಣುತ್ತದೆ, ದಿನಾ ಕೇಳುತ್ತೀರಿ, ನನ್ನ ಮುಖ ನಿಮ್ಮ ಹತ್ತಿರ ಸುಳ್ಳಾಡಬಾರದು ಅನ್ನಿಸಿತು, ಎಂದು. ಅದಕ್ಕೆ ಭಾವ ನಕ್ಕದ್ದು ನನಗೆ ಕೇಳಿಸಿತು. ನಗುವಿನ ಕೊನೆ ನಗುವಿನ ಹಾಗಿರಲಿಲ್ಲ.

"ನೀನು ಸಿಟ್ಟಲ್ಲಿಲ್ಲ ಅಂತ ನಂಗೆ ಗೊತ್ತಾಗಲ್ವಾ?" ಅಂದರು. "ಅಂಗಡಿಯಲ್ಲಿ ದಿನವೆಲ್ಲ ಮಾತಾಡಿ ಸುಸ್ತಾಗಿ ಬರ್ತೀಯ. ಬಂದು ಆ ಕಡೆ ಮುಖ ಮಾಡಿ ಕೂತ್ಕೋತೀಯ. ನೀನು ಆ ಕಡೆ ತಿರುಗಿದ್ರೆ ನಂಗೆ ಮನೇಲಿ ಯಾರೂ ಇಲ್ಲದ ಹಾಗೆ. ಸಿಟ್ಟಾ ಅಂದ್ರೆ ನೀನು ಈ ಕಡೆ ತಿರುಗ್ತೀಯ. ಅದಕ್ಕೇ ಕೇಳ್ತೀನಿ."

ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ನಾನು ಆರಿಸಲಿಲ್ಲ.

ಅಕ್ಕ ಮತ್ತೆ ಫಿಲ್ಲರ್ ಹಾಕಿಸಿಕೊಳ್ಳಲಿಲ್ಲ. ಹಾಕಿಸಿಕೊಳ್ಳುವವರನ್ನು ಹೀಗಳೆಯುವುದೂ ಇಲ್ಲ. ಅದರಿಂದ ಮುಖಕ್ಕೆ ಕಳೆ ಬಂದವರು ಅಂಗಡಿಗೆ ಬಂದರೆ ಚೆನ್ನಾಗಿದೆ ಎಂದೇ ಹೇಳುತ್ತಾಳೆ. ಹಾಕಿಸಿಕೊಳ್ಳಲಾ ಎಂದು ಯಾರಾದರೂ ಕೇಳಿದರೆ, ಚುಚ್ಚುವವರು ಡಾಕ್ಟರಾ ನೋಡು, ಡಬ್ಬಿ ನಿನ್ನೆದುರು ಒಡೆಯಲಿ, ಕರಗಿಸುವ ಮದ್ದು ಇದೆಯಾ ಕೇಳು, ನೋವು ಏರಿದರೆ ಒಂದು ಗಂಟೆಯೂ ಕಾಯಬೇಡ, ಎನ್ನುತ್ತಾಳೆ. ಎಲ್ಲಕ್ಕಿಂತ ಮೊದಲು ಮನೆಯವರಿಗೆ ಹೇಳಿ ಹೋಗು, ಬೈಸಿಕೊಂಡಾದರೂ ಸರಿ, ಎಂದು ಸೇರಿಸುತ್ತಾಳೆ.

ಎರಡು ತಿಂಗಳ ನಂತರ ಗ್ರಂಥಾಲಯದವರು ಭಾವನನ್ನು ಮತ್ತೆ ಕರೆಸಿದರು. ಈ ಸಲ ಅಕ್ಕ ರಜೆ ಹಾಕಿ ಜೊತೆಗೆ ಹೋದಳು. ಅಷ್ಟು ವರ್ಷದಲ್ಲಿ ಅವರ ಹೊರಗಿನ ಕೆಲಸದ ಜಾಗಕ್ಕೆ ಅವಳು ಹೋದದ್ದು ಅದೇ ಮೊದಲು. ಎರಡನೇ ದಿನ ಫೋನ್ ಮಾಡಿ ಸುದ್ದಿ ಹೇಳಿದಳು. ಓದುವ ಕೋಣೆಯ ಒಂದು ಮೂಲೆಯಲ್ಲಿ ಭಾವನಿಗೆ ಮೇಜು ಹಾಕಿಕೊಟ್ಟಿದ್ದಾರೆ, ಎದುರಿನ ಕುರ್ಚಿಯಲ್ಲಿ ಕೂತು ಅವಳು ದಾರಕ್ಕೆ ಮೇಣ ಹಚ್ಚಿಕೊಡುತ್ತಾಳೆ. ಅಲ್ಲಿ ಯಾರಾದರೂ ಪಿಸುಗುಟ್ಟಿದರೂ ಗ್ರಂಥಪಾಲಕರು ಕಣ್ಣು ಬಿಡುತ್ತಾರಂತೆ.

"ನಾವಿಬ್ರೇ ದನಿ ಬಿಡದೆ, ಬರೀ ತುಟಿಯಲ್ಲೇ, ಬೆಳಗಿಂದ ಸಂಜೆವರೆಗೆ ಹರಟೆ ಹೊಡೀತೀವಿ ಕಣೇ," ಅಂದಳು. "ನಮ್ಮನ್ನ ಯಾರೂ ಏನೂ ಅನ್ನೋ ಹಾಗಿಲ್ಲ."